ಕೂಗಬಾರದೆಂದು ಕಲಿತ ಕುಕ್ಕರ್

ನಾನು ಒಂದು ಪ್ರೆಶರ್ ಕುಕ್ಕರ್. ಐದು ಲೀಟರಿನದು. ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಅದರ ಬಗ್ಗೆ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ದೊಡ್ಡದೊಂದು ಯಂತ್ರ ಅಲ್ಯುಮಿನಿಯಂ ತಗಡನ್ನು ಅಮುಕಿತು, ನಾನು ಪಾತ್ರೆಯಾದೆ. ಆಮೇಲೆ ಉಜ್ಜಿದರು, ಹಿಡಿ ಕೂರಿಸಿದರು, ಮುಚ್ಚಳಕ್ಕೆ ರಬ್ಬರ್ ತೊಡಿಸಿದರು, ನೀರು ತುಂಬಿಸಿ ಬೆಂಕಿಯ ಮೇಲಿಟ್ಟು ಪರೀಕ್ಷೆ ಮಾಡಿದರು. ಆಗ ಕೂಗಿದೆ ನೋಡಿ, ಮೊದಲ ಸಲ! ಪರೀಕ್ಷೆ ಮಾಡುತ್ತಿದ್ದವನು ಕಿವಿ ಮುಚ್ಚಿಕೊಂಡು, “ಅಬ್ಬಾ, ಇದರ ಗಂಟಲು ಜೋರು” ಎಂದ. ಆ ವಯಸ್ಸಿನಲ್ಲಿ ಯಾರು ಹೊಗಳಿದರೂ ಖುಷಿಯಾಗುತ್ತದೆ.

ಅಲ್ಲಿಂದ ದಾವಣಗೆರೆಗೆ ಬಂದೆ. ಚೌಕಿಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ, ಕೊಡಪಾನಗಳ ಸಾಲಿನ ಮೇಲೆ ಕೂತು ಗಿರಾಕಿಗಳನ್ನು ನೋಡುತ್ತಿದ್ದೆ. ಒಂದು ಸಂಜೆ ಹತ್ತಿಯ ಎಳೆ ತಲೆಗೂದಲಿಗೆಲ್ಲ ಅಂಟಿಸಿಕೊಂಡಿದ್ದ ಯುವಕನೊಬ್ಬ ಬಂದ. ಹೆಸರು ಹಾಲೇಶ. ಹತ್ತಿ ಗಿರಣಿಯಲ್ಲಿ ಬದಲಿ ಕಾರ್ಮಿಕ. ಅಕ್ಕನ ಮದುವೆಗೆ ಕೊಡಲಿಕ್ಕೆ ಒಂದು ಪಾತ್ರೆ ಬೇಕಿತ್ತು. ಅಂಗಡಿಯವನು ದೊಡ್ಡ ಹಂಡೆ ತೋರಿಸಿದ, ಹಿತ್ತಾಳೆಯ ದೀಪ ತೋರಿಸಿದ. ಇವನು ಬೇಡ ಬೇಡ ಎನ್ನುತ್ತಾ ನನ್ನ ಕಡೆ ಕೈ ತೋರಿಸಿ, “ಅದನ್ನ ಕೊಡ್ರಿ. ನಮ್ಮಕ್ಕ ದಿನಾ ಮಂಡಕ್ಕಿ ಭಟ್ಟಿ ಮುಂದ ಬೇಯ್ತಾಳ. ಮನ್ಯಾಗಾದ್ರೂ ಒಲಿ ಮುಂದ ಕೂರೋದು ಕಡಿಮಿ ಆಗ್ಲಿ” ಎಂದ. ನನಗೆ ಅವನು ಆಗಲೇ ಹಿಡಿಸಿದ.

ಅಕ್ಕನ ಹೆಸರು ಕೊಟ್ರಮ್ಮ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ತಮ್ಮನನ್ನು ಸಾಕಿದವಳು ಅವಳೇ. ಭಟ್ಟಿಯ ಕಾದ ಮರಳಿನಲ್ಲಿ ಮಂಡಕ್ಕಿ ಅರಳಿಸಿ ಅರಳಿಸಿ ಅವಳ ಮೊಣಕೈಯವರೆಗೆ ಚರ್ಮ ಕಪ್ಪಾಗಿತ್ತು. ಮದುವೆಯಾದ ಸ್ವಲ್ಪ ವರ್ಷಕ್ಕೇ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ. ಕೊಟ್ರಮ್ಮ ನನ್ನನ್ನೂ ನಾಲ್ಕು ಸೀರೆಯನ್ನೂ ಕಟ್ಟಿಕೊಂಡು ತಮ್ಮನ ಮನೆಗೆ ವಾಪಸು ಬಂದಳು.

ಅದು ನನ್ನ ಒಳ್ಳೆಯ ಕಾಲ. ಸಂಜೆಯಾದರೆ ಗಿರಣಿಯವರು ಮನೆ ತುಂಬ. ಯೂನಿಯನ್ ಕಾರ್ಯದರ್ಶಿ ಖಾದರ್‌ಸಾಬ್ ಗೋಡೆಗೆ ಒರಗಿ ಕೂತು ಬೋನಸ್ಸು, ಬೀಗಮುದ್ರೆ, ಮ್ಯಾನೇಜ್‌ಮೆಂಟು ಎಂದು ಶುರು ಮಾಡಿದರೆ ಎಲ್ಲರೂ ಒಟ್ಟಿಗೇ ಮಾತಾಡುವರು. ನಾನು ಒಂದು ಸಲ ಕೂಗಿದರೆ ಎಲ್ಲರೂ ಗಪ್‌ಚಿಪ್. “ನೋಡ್ರಿ, ಅಧ್ಯಕ್ಷರು ಮಾತಾಡಿದ್ರು” ಎಂದು ಹಾಲೇಶ ನಗುತ್ತಿದ್ದ. ಬೇಳೆ, ಅನ್ನ, ಆಲೂಗಡ್ಡೆ, ಏನು ಕೊಟ್ಟರೂ ಬೇಯಿಸಿ ಹಾಕಿದೆ. ಯಾರಿಗೂ ನನ್ನಿಂದ ಹೊಟ್ಟೆ ಕೆಟ್ಟಿಲ್ಲ.

ಆಮೇಲೆ ಗಿರಣಿ ಮುಚ್ಚಿತು. ಗೇಟಿನ ಮುಂದೆ ಕೂತವರ ಮೇಲೆ ಲಾಠಿ ಬಿತ್ತು. ಹಾಲೇಶ ಜೈಲಿಗೆ ಹೋಗಿ ಬಂದ. ಬಂದವನ ಬಾಯಲ್ಲಿ ಬೋನಸ್ಸಿನ ಮಾತೇ ಇರಲಿಲ್ಲ. ಈಗ ಮನೆಗೆ ಬರುತ್ತಿದ್ದವರು ಬೇರೆ ಜನ. ಮೆಲ್ಲಗೆ ಮಾತಾಡುವವರು, ಉಂಡು ತಟ್ಟೆ ತಾವೇ ತೊಳೆಯುವವರು. ಇಂಥ ಮಾತಿಂದ ಏನೂ ಆಗುವುದಿಲ್ಲ, ಬಂದೂಕೇ ಬೇಕು ಎನ್ನುವವರು. ಖಾದರ್‌ಸಾಬ್ ಅವನ ಜೊತೆ ಜಗಳ ಮಾಡಿ ಮಾಡಿ ಸುಸ್ತಾದರು. ಒಂದು ದಿನ ಬೆಳಗ್ಗೆ ಹಾಲೇಶ ಚೀಲ ಹೆಗಲಿಗೆ ಹಾಕಿಕೊಂಡ. ಕೊಟ್ರಮ್ಮ ಎಲ್ಲಿಗೆ ಎಂದು ಕೇಳಿದಳು. “ಇಲ್ಲೇ, ಸ್ವಲ್ಪ ದಿನ” ಎಂದು ಹೋದ.

ಸ್ವಲ್ಪ ದಿನ ಹೋಗಿ ವರ್ಷಗಳಾದವು. ಪೊಲೀಸರು ಬಂದು ಮನೆ ಜಾಲಾಡಿದಾಗಲೇ ಕೊಟ್ರಮ್ಮನಿಗೆ ಗೊತ್ತಾಗಿದ್ದು, ತಮ್ಮ ಘಟ್ಟದ ಕಾಡಿನಲ್ಲಿದ್ದಾನೆ, ಈಗ ಅವನ ಹೆಸರು ಪ್ರಭಾಕರ, ಅವನದೇ ಒಂದು ದಳವಿದೆ ಎಂದು. ಅವರ ಪ್ರಭಾಕರ ಅವರಿಗೆ ಇರಲಿ, ನನಗೆ ಮಾತ್ರ ಅವನು ಹಾಲೇಶನೇ. ಆಮೇಲೆ ಖಾದರ್‌ಸಾಬರ ಕಿವಿಗೆ ಇನ್ನೊಂದು ಸುದ್ದಿ ಬಿತ್ತು: ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ಅವನ ಹೊಟ್ಟೆಯಲ್ಲಿ ಹುಣ್ಣಾಗಿದೆ, ರಕ್ತ ಕಾರುತ್ತಾನೆ. ಘಟ್ಟದ ಕೆಳಗಿನ ಊರಿನಲ್ಲಿದ್ದ ಖಾದರ್‌ಸಾಬರ ನೆಂಟರ ಮನೆಯಲ್ಲಿ ಅಕ್ಕ ತಮ್ಮ ಕದ್ದು ಭೇಟಿಯಾದರು. ಕೊಟ್ರಮ್ಮ ನನ್ನನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟಳು.

“ತಗೊಂಡ್ ಹೋಗು. ಅರೆಬೆಂದಿದ್ದು ತಿಂದು ತಿಂದು ಹೊಟ್ಟಿ ತೂತು ಮಾಡ್ಕೊಂಡಿ.”

“ಅಕ್ಕಾ, ಕ್ರಾಂತಿ ಮಾಡಾಕ ಹೋದಾವ ಕುಕ್ಕರ್ ಹೊತ್ಕಂಡು ಅಡ್ಯಾಡಿದ್ರ ಜನ ನಗ್ತಾರ.”

“ನಗವಲ್ರ್ಯಾಕ. ನೀ ಉಂಡ್ರ ಸಾಕು.”

ಹೀಗೆ ನಾನು ಕಾಡಿಗೆ ಹೋದೆ. ನನ್ನನ್ನು ಹೊತ್ತವನು ತನಿಯ. ಕಾಡಿನೊಳಗಿನ ಹಾಡಿಯವನು. ಕಾಡಿನ ದಾರಿಯೆಲ್ಲ ಅವನಿಗೆ ಗೊತ್ತು. ಅರಣ್ಯ ಇಲಾಖೆಯವರು ಒಕ್ಕಲೆಬ್ಬಿಸಿದ ಮೇಲೆ ದಳ ಸೇರಿದವನು. ಅವನು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಬೊಬ್ಬೆ ಹಾಕ್ತದಲ್ಲ ಮಾರಾಯ್ರೆ! ಗುಡ್ಡೆಯಿಡೀ ಕೇಳ್ತದೆ” ಎಂದ. ಅವತ್ತಿನಿಂದ ನನ್ನ ಹೊಸ ಪಾಠ ಶುರುವಾಯಿತು. ಹೊಗೆ ಕಾಣಬಾರದೆಂದು ಬೆಳಕು ಹರಿಯುವಷ್ಟರಲ್ಲಿ ಅಡುಗೆ ಮುಗಿಸಬೇಕು. ಆವಿ ಏರಿ ನಾನು ಇನ್ನೇನು ಕೂಗಬೇಕು ಎನ್ನುವಾಗ ಸೀಟಿ ಸಣ್ಣಗೆ ನಡುಗುತ್ತದಲ್ಲ, ಅಷ್ಟು ಹೊತ್ತಿಗೆ ಬೆಂಕಿಯಿಂದ ಇಳಿಸಿ ಗೋಣಿಚೀಲ ಸುತ್ತಿಡಬೇಕು. ಒಳಗಿನ ಬಿಸಿಗೇ ಅನ್ನ ಬೇಯುತ್ತದೆ. ಗಂಟಲು ಜೋರು ಎನ್ನಿಸಿಕೊಂಡಿದ್ದ ನಾನು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಬೇಯಿಸಿದೆ. ಅಡುಗೆ ಸರದಿಯ ಪ್ರಕಾರ. ನಾಯಕನಿಗೂ ಅದರಲ್ಲಿ ವಿನಾಯಿತಿ ಇರಲಿಲ್ಲ. ಎಲ್ಲರಿಗಿಂತ ಸರಿಯಾದ ಹೊತ್ತಿಗೆ ನನ್ನನ್ನು ಇಳಿಸುತ್ತಿದ್ದವನು ಹಾಲೇಶ. ಅವನ ಕೈಯಲ್ಲಿ ನಾನು ಒಂದು ಸಲವೂ ಕೂಗಲಿಲ್ಲ.

ಶುರುವಿನಲ್ಲಿ ಜನ ಬಹಳ. ಒಂದೇ ಹೊತ್ತಿಗೆ ಎರಡು ಮೂರು ಸಲ ನನ್ನನ್ನು ಒಲೆಗೆ ಏರಿಸಬೇಕಿತ್ತು. ಹಾಡಿಗಳಿಗೆ ಹೋದರೆ ಹಲಸಿನಕಾಯಿ ಕೊಡುವರು, ಗೆಣಸು ಕೊಡುವರು, ಜಮೀನಿನ ತಕರಾರು ಹೇಳಿಕೊಳ್ಳುವರು. ಹಾಲೇಶ ಕೂತು ಕೇಳುತ್ತಿದ್ದ. ಅವನ ಮಾತು ನಂಬಿ, ಅವನನ್ನು ಅಣ್ಣ ಎನ್ನುತ್ತಾ ಕಾಲೇಜು ಬಿಟ್ಟು ಬಂದವಳು ಕುಸುಮ. ಮೈಸೂರು ಕಡೆಯವಳು, ಬಂದ ಹೊಸತರಲ್ಲಿ ಜಿಗಣೆ ಕಂಡರೆ ಕಿರುಚುತ್ತಿದ್ದಳು.

ಆಮೇಲೆ ದೇಜಪ್ಪನ ವಿಷಯ ಆಯಿತು. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೇಜಪ್ಪ ಒಂದು ಹಾಡಿಯವನು. ದಳಕ್ಕೆ ಅಕ್ಕಿ ಬೇಳೆ ತಂದುಕೊಡುತ್ತಿದ್ದ. ಅವನು ಬಂದು ಹೋದ ಮೇಲೆ ಎರಡು ಸಲ ಪೊಲೀಸರು ಬಂದರು, ಇಬ್ಬರು ಸತ್ತರು. ಮೀಟಿಂಗು ಕೂತಿತು. ಹಾಲೇಶ ಎಲ್ಲರಿಗಿಂತ ಮೊದಲು ಬಾಯಿ ತೆರೆದು, “ನನಗೆ ಅನುಮಾನವೇ ಇಲ್ಲ, ಮಾಹಿತಿ ಕೊಟ್ಟವನು ಇವನೇ” ಎಂದ. ನಾಯಕ ಹೇಳಿದ ಮೇಲೆ ಉಳಿದವರೆಲ್ಲ ಹೂಂ ಹೂಂ ಎಂದರು. ದೇಜಪ್ಪನನ್ನು ಹೊಳೆಯ ಆಚೆ ಕರೆದುಕೊಂಡು ಹೋಗಿ ಗುಂಡು ಹಾಕಿದರು. ಅವನಲ್ಲ, ಬೇರೆ ಯಾರೋ ಎಂದು ಗೊತ್ತಾಗಲಿಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅದು ಗೊತ್ತಾದ ದಿನ ನನ್ನೊಳಗಿನ ಅನ್ನ ಯಾರೂ ಮುಟ್ಟದೆ ಹಳಸಿತು. ಅವನಲ್ಲವೇನೋ ಎಂಬ ಅನುಮಾನವಿದ್ದರೂ ನಾಯಕನ ಮಾತಿಗೆ ಎದುರಾಡದೆ ಕೂತಿದ್ದವರೂ ಇದ್ದರಂತೆ. ಆಮೇಲೆ ಅವರೇ ಹೇಳಿದರು. ಹಾಲೇಶ ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಒಂದು ನಿಯಮ ಮಾಡಿದ: ಇನ್ನು ಮುಂದೆ ಯಾವ ಮೀಟಿಂಗಿನಲ್ಲೂ ನಾಯಕ ಕಟ್ಟಕಡೆಗೆ ಮಾತಾಡಬೇಕು. ಮೊದಲು ಎಲ್ಲರೂ ಅವರವರ ಮನಸ್ಸಿನಲ್ಲಿದ್ದದ್ದು ಹೇಳಬೇಕು. ಹೆಚ್ಚು ಜನ ಏನು ಹೇಳಿದರೋ ಅದಕ್ಕೆ ನಾಯಕನೂ ತಲೆಬಾಗಬೇಕು. ಅವನು ಆ ನಿಯಮ ಒಂದು ಸಲವೂ ಮುರಿಯಲಿಲ್ಲ.

ದೇಜಪ್ಪನ ಸಾವಿನ ನಂತರ ಹಾಡಿಗಳ ಬಾಗಿಲು ಮುಚ್ಚಿದವು. ನಮ್ಮನ್ನು ನೋಡಿದರೆ ಹೆಂಗಸರು ಒಳಗೆ ಹೋಗುತ್ತಿದ್ದರು. ನನ್ನೊಳಗೆ ಬೀಳುವ ಅಕ್ಕಿ ಕಡಿಮೆಯಾಗುತ್ತಾ ಬಂತು. ಕೆಲವರು ಗುಂಡಿಗೆ ಸಿಕ್ಕರು, ಕೆಲವರು ಶರಣಾದರು, ಕೆಲವರು ನೀರು ತರುತ್ತೇನೆ ಎಂದು ಹೋಗಿ ವಾಪಸು ಬರಲಿಲ್ಲ. ಯಾರಿಗೂ ಯಾರ ಮೇಲೂ ಕೋಪ ಮಾಡಿಕೊಳ್ಳುವಷ್ಟು ಶಕ್ತಿ ಉಳಿದಿರಲಿಲ್ಲ. ಕೊನೆಗೆ ಉಳಿದವರು ಮೂವರು: ಹಾಲೇಶ, ಕುಸುಮ, ತನಿಯ. ಹಾಲೇಶನ ತಲೆ ಬೆಳ್ಳಗಾಗಿತ್ತು. ಕುಸುಮಳಿಗೆ ಮೊಣಕಾಲು ನೋವು. ನನ್ನ ಮುಚ್ಚಳದ ರಬ್ಬರ್ ಸೆಟೆದು ಸುತ್ತಲೂ ಆವಿ ಸೋರುತ್ತಿತ್ತು, ಹಿಟ್ಟು ಮೆತ್ತಿ ಮುಚ್ಚುತ್ತಿದ್ದರು. ಹೊಸ ರಬ್ಬರ್ ತರಲಿಕ್ಕೆ ಪೇಟೆಗೆ ಹೋಗುವವರು ಯಾರು? ನಮ್ಮಲ್ಲಿ ಗಟ್ಟಿಯಾಗಿದ್ದದ್ದು ಯಾವುದೂ ಇರಲಿಲ್ಲ.

ಆಗ ಖಾದರ್‌ಸಾಬ್ ಕೊಟ್ರಮ್ಮನನ್ನು ಕರೆದುಕೊಂಡು ಕಾಡಿನ ಅಂಚಿಗೆ ಬಂದರು. ಶರಣಾದರೆ ಜೀವಕ್ಕೆ ಅಪಾಯವಿಲ್ಲ, ಕೇಸುಗಳು ಬೇಗ ಮುಗಿಯುತ್ತವೆ ಎಂದು ಸರ್ಕಾರದ ಮೇಲಿನವರು ಅವರ ಮೂಲಕ ಹೇಳಿ ಕಳಿಸಿದ್ದರು. ಬರುವ ಅಮಾವಾಸ್ಯೆಯೊಳಗೆ ಉತ್ತರ ಬೇಕು. ಆಮೇಲೆ ಪೊಲೀಸರು ಕಾಡು ಜಾಲಾಡುವ ಕೂಂಬಿಂಗ್ ಶುರು. ಕುಸುಮ, ತನಿಯ ಇಬ್ಬರೂ ದೂರದಲ್ಲಿ ಕಾವಲಿಗೆ ನಿಂತಿದ್ದರು. ಬಂಡೆಯ ಮರೆಯಲ್ಲಿ ಹಾಲೇಶ ತಾನೇ ನನ್ನನ್ನು ಒಲೆಗಿಟ್ಟು ಅಕ್ಕನಿಗೆ ಅನ್ನ ಮಾಡಿ ಬಡಿಸಿದ. ಕೊಟ್ರಮ್ಮ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವನ ಮುಖ ನೋಡುತ್ತಿದ್ದಳು.

“ಎಷ್ಟು ಬಡವಾಗೀಯೋ ತಮ್ಮಾ. ಬಂದುಬಿಡು. ಜೈಲಿಗೆ ಹಾಕ್ತಾರ, ಹಾಕ್ಲಿ. ನಾ ವಾರಕ್ಕೊಮ್ಮೆ ಬಂದು ಮಾರಿ ನೋಡಿ ಹೋಗ್ತೀನಿ.”

ಹಾಲೇಶ ಅಕ್ಕನ ಕೈ ಹಿಡಿದುಕೊಂಡ. “ಸಾಕಾಗೇತಿ ಅಕ್ಕಾ. ಖರೇ ಹೇಳ್ತೀನಿ, ಸಾಕಾಗೇತಿ. ಬರ್ತೀನಿ. ಆದ್ರ ಅವರಿಬ್ರು ಹೂಂ ಅನ್ನಬೇಕು. ನನ್ನ ನಂಬಿ ಬಂದೋರನ್ನ ಕಾಡಿನ್ಯಾಗ ಬಿಟ್ಟು ನಾ ಒಬ್ಬಾವ ಇಳದು ಬರಂಗಿಲ್ಲ.”

“ಹಂಗಾದ್ರ ಅವ್ರಿಗೆ ಹೇಳಪಾ, ನಿನ್ನ ಮನಸಿನ್ಯಾಗ ಹಿಂಗೈತಿ ಅಂತ” ಎಂದರು ಖಾದರ್‌ಸಾಬ್.

“ಹೇಳೂ ಹಂಗಿಲ್ಲ ಸಾಬ್. ನಾ ಮೊದಲು ಹೇಳಿದ್ರ ಅದು ಹುಕುಂ ಆಗ್ತೈತಿ. ಒಂದ್ಸಲ ನಾ ಮೊದಲು ಮಾತಾಡಿ ಒಬ್ಬನ ಜೀವ ಹೋಗೇತಿ. ಅವ್ರು ಹೇಳ್ಲಿ. ಅವ್ರಿಗೂ ಬೇಸರಾಗೇತಿ, ನಂಗ ಗೊತ್ತೈತಿ. ಹೇಳೇ ಹೇಳ್ತಾರ.”

ಅಯ್ಯೋ ಪುಣ್ಯಾತ್ಮ! ಅವನ ಮುಖದಲ್ಲಿ ಅಂಥ ಕಳೆ ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಕೊಟ್ರಮ್ಮ ಉಂಡು, ನನ್ನನ್ನು ತಾನೇ ತೊಳೆದು, ಬೋರಲು ಹಾಕಿ ಹೋದಳು.

ಮರುದಿನ ಬೆಳಗ್ಗೆ ಹಾಲೇಶ ಹೊಳೆಗೆ ಸ್ನಾನಕ್ಕೆ ಹೋಗಿದ್ದ. ಕುಸುಮ ಅಕ್ಕಿ ಆರಿಸುತ್ತಿದ್ದಳು, ತನಿಯ ಸೌದೆ ಸೀಳುತ್ತಿದ್ದ. ಅಮಾವಾಸ್ಯೆಯ ವಿಷಯ ಅವರಿಗೂ ಗೊತ್ತಿತ್ತು, ಮಧ್ಯಾಹ್ನ ಮೀಟಿಂಗು ಇತ್ತು.

“ನಿಂಗೇನನ್ಸುತ್ತೆ ತನಿಯಾ? ನಿಜ ಹೇಳು” ಎಂದಳು ಕುಸುಮ.

“ನನಗೆ ಹೋಗುವ ಅಂತಲೇ ಉಂಟು. ಅಮ್ಮ ಬದುಕಿದ್ದಾಳಾ ಇಲ್ಲವಾ ಅಂತಲೂ ಗೊತ್ತಿಲ್ಲ. ನಿಮಗೆ?”

“ನಂಗೂ ಸಾಕಾಗೋಗಿದೆ ಕಣೋ. ಒಂದು ರಾತ್ರಿ ಚಾವಣಿ ಕೆಳಗೆ ನಿದ್ದೆ ಮಾಡಿದ್ರೆ ಸಾಕು ಅನ್ಸುತ್ತೆ.” ಅವಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದು ಹೇಳಿದಳು: “ಆದ್ರೆ ಅಣ್ಣ? ಇಳಿಯೋದು ಅಂದ್ರೆ ಅವರಿಗೆ ಸಾವೇ. ಇಡೀ ಜೀವನ ಇದಕ್ಕೇ ಕೊಟ್ಟವರು. ನಾವಿಬ್ರೂ ಇಳೀತೀವಿ ಅಂದ್ರೆ ಹೂಂ ಅಂತಾರೆ, ಮೀಟಿಂಗು ಹೇಳಿತು ಅಂತ ನಮ್ಮ ಹಿಂದೆ ಬಂದು ಒಳಗೊಳಗೇ ಸಾಯ್ತಾರೆ.”

ತನಿಯ ಕತ್ತಿ ಕೆಳಗಿಟ್ಟ. “ಹೌದು. ಅವರ ಎದುರು ಆ ಮಾತು ನನ್ನ ಬಾಯಿಂದ ಬರುದಿಲ್ಲ.”

“ಹಾಗಾದ್ರೆ ಬೇಡ ಅನ್ನೋಣ. ಅವರಿರೋವರೆಗೂ ಇರೋಣ.”

ನಾನು ಅಲ್ಲೇ ಕಲ್ಲಿನ ಮೇಲೆ ಇದ್ದೆ, ಅವರಿಬ್ಬರ ನಡುವೆ. ಹೊಟ್ಟೆಯಲ್ಲಿ ಅಕ್ಕಿಗೆ ಕಾಯುವ ನೀರು. ಪಾತ್ರೆಯ ಜನ್ಮ ಎಂದರೆ ಇಷ್ಟೇ. ಎಲ್ಲರ ಮಾತೂ ಕಿವಿಗೆ ಬೀಳುತ್ತದೆ, ಒಬ್ಬರದು ಇನ್ನೊಬ್ಬರಿಗೆ ಮುಟ್ಟಿಸಲಿಕ್ಕೆ ಆಗುವುದಿಲ್ಲ.

ಮಧ್ಯಾಹ್ನ ಮೂವರೂ ಕೂತರು. ಹಾಲೇಶ ಮೇಲಿನವರ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದ, ತನ್ನದೊಂದು ಮಾತೂ ಸೇರಿಸಲಿಲ್ಲ. “ನಿಯಮ ಗೊತ್ತಲ್ಲ. ನಿಮ್ಮ ಮನಸ್ಸಿನಲ್ಲಿದ್ದದ್ದು ಹೇಳಿ ಕಾಮ್ರೇಡ್” ಎಂದ.

“ಇಳಿಯೋದು ಬೇಡ” ಎಂದಳು ಕುಸುಮ.

“ನನ್ನದೂ ಹಾಗೇ. ಇಲ್ಲಿಯೇ ಇರುವ” ಎಂದ ತನಿಯ.

ಹಾಲೇಶ ಇಬ್ಬರ ಮುಖವನ್ನೂ ನೋಡಿದ. ಇನ್ನೊಂದು ಸಲ ಕೇಳುತ್ತಾನೆ ಎಂದು ನಾನು ಕಾದೆ. ಕೇಳೋ ಮಾರಾಯ, ಒಂದೇ ಒಂದು ಸಲ! ಅವನು ಕೇಳಲಿಲ್ಲ. ಹಾಗೆ ಕೇಳಿದರೆ ತನ್ನ ಮನಸ್ಸು ಬಯಲಾಗುತ್ತದೆ ಎಂದುಕೊಂಡನೋ ಏನೋ. “ಸರಿ. ನನ್ನದೂ ಅದೇ” ಎಂದು ಎದ್ದು ಬಂದು, ಆರಿಹೋಗಿದ್ದ ಒಲೆಯ ಬೂದಿ ಕೆದಕುತ್ತಾ ಕೂತ. ಅವರಿಬ್ಬರೂ ಅವನ ಬೆನ್ನು ನೋಡಿ, ಅಣ್ಣನಿಗೆ ಸಮಾಧಾನವಾಯಿತು ಎಂದುಕೊಂಡರು. ನನ್ನ ಕಡೆಗಿದ್ದದ್ದು ಅವನ ಮುಖ. ಅಲ್ಲಿ ಸಮಾಧಾನ ಇರಲಿಲ್ಲ.

ಬರುವುದಿಲ್ಲ ಎಂದು ಖಾದರ್‌ಸಾಬರಿಗೆ ಹೇಳಿ ಕಳಿಸಿದರು. ಅಮಾವಾಸ್ಯೆ ಕಳೆಯಿತು. ಕಾಡಿನ ತುಂಬ ಬೂಟಿನ ಸದ್ದು. ನಾವು ಗುಡ್ಡದಿಂದ ಗುಡ್ಡಕ್ಕೆ ಓಡಿದೆವು. ಹಾಲೇಶನಿಗೆ ಮತ್ತೆ ರಕ್ತ ವಾಂತಿ. ಒಂದು ಬೆಳಗ್ಗೆ ಅವನಿಗೆ ನಡೆಯಲಿಕ್ಕೇ ಆಗಲಿಲ್ಲ. “ಅನ್ನ ನಾನು ನೋಡಿಕೊಳ್ತೀನಿ, ನೀವು ಮುಂದಿನ ದಾರಿ ನೋಡಿಕೊಂಡು ಬನ್ನಿ” ಎಂದು ಇಬ್ಬರನ್ನೂ ಕಳಿಸಿ, ನನ್ನನ್ನು ಒಲೆಗಿಟ್ಟು ಪಕ್ಕದಲ್ಲೇ ಕೂತ. ಬೆಂಕಿ ಚೆನ್ನಾಗಿ ಹಿಡಿದಿತ್ತು. ನನ್ನ ಸೀಟಿ ನಡುಗಲು ಶುರುವಾಯಿತು. ಇಳಿಸಲಿಕ್ಕೆಂದು ಅವನು ಬಟ್ಟೆ ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಗುಂಡು ಹಾರಿತು.

ಅವನು ಬಂದೂಕಿನ ಕಡೆ ಕೈ ಚಾಚಿದನೇ ಇಲ್ಲವೇ ಎಂದು ಆಮೇಲೆ ಕೋರ್ಟಿನಲ್ಲಿ ಬಹಳ ವಾದ ನಡೆಯಿತು. ನನಗೆ ಕಂಡದ್ದು ಇಷ್ಟು: ಬಟ್ಟೆ ಹಿಡಿದ ಕೈ ನನ್ನ ಕಡೆಗೇ ಇತ್ತು. ಅವನು ಪಕ್ಕಕ್ಕೆ ವಾಲಿದ, ಮತ್ತೆ ಏಳಲಿಲ್ಲ. ನನ್ನನ್ನು ಇಳಿಸುವವರು ಇರಲಿಲ್ಲ. ನಾನು ಕೂಗಿದೆ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದದ್ದೆಲ್ಲ ಬಂದ ಹಾಗೆ ಕೂಗಿದೆ. ಪೊದೆಯಿಂದ ಎದ್ದು ಬರುತ್ತಿದ್ದ ಪೊಲೀಸರು ಬಾಂಬು ಎಂದುಕೊಂಡು ದಬದಬನೆ ನೆಲಕ್ಕೆ ಬಿದ್ದರು. ಒಳಗಿನ ನೀರು ಆರಿ ಅನ್ನ ಸೀಯುವವರೆಗೂ ಯಾರೂ ಹತ್ತಿರ ಬರಲಿಲ್ಲ. ದೂರದ ಗುಡ್ಡದಲ್ಲಿದ್ದ ಕುಸುಮ, ತನಿಯ ಇಬ್ಬರಿಗೂ ಆ ಕೂಗು ಕೇಳಿತಂತೆ. ಬರೀ ಗುಂಡಿನ ಸದ್ದು ಕೇಳಿದ್ದರೆ ಓಡಿ ಬರುತ್ತಿದ್ದರೇನೋ. ಆದರೆ ಅಣ್ಣನ ಕೈಯಲ್ಲಿ ಕುಕ್ಕರ್ ಕೂಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಕೂಗಿತೆಂದರೆ ಅಣ್ಣ ಇಲ್ಲ. ಬರಲಿಲ್ಲ.

ಮರುದಿನ ನನ್ನನ್ನು ಮೇಜಿನ ಮೇಲೆ ಇಟ್ಟು ಫೋಟೋ ಹೊಡೆದರು. ಬಂದೂಕು, ಟಾರ್ಪಾಲು, ಹೊಟ್ಟೆನೋವಿನ ಮಾತ್ರೆ, ಪಕ್ಕದಲ್ಲಿ ನಾನು. “ಸ್ಫೋಟಕ ತಯಾರಿಸಲು ಬಳಸುತ್ತಿದ್ದ ಕುಕ್ಕರ್” ಎಂದು ಯಾರೋ ಓದಿದರು. ಅನ್ನ ಬೇಯಿಸಿ ಬೇಯಿಸಿ ಮುದಿಯಾದ ನನಗೆ ಈ ಬಿರುದು! ನಗಬೇಕೆನ್ನಿಸಿತು, ಆದರೆ ಅಷ್ಟು ತ್ರಾಣವಿರಲಿಲ್ಲ. ನನ್ನ ಹಿಡಿಗೆ ಒಂದು ಚೀಟಿ ಕಟ್ಟಿ, ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿಟ್ಟರು. ಕೇಸುಗಳಲ್ಲಿ ಜಪ್ತಿಯಾದ ಸಾಮಾನುಗಳ ಕೋಣೆ ಅದು. ತುಕ್ಕು ಹಿಡಿದ ಸೈಕಲ್ಲು, ಒಡೆದ ತಕ್ಕಡಿ, ಯಾರದೋ ಕೊಡಲಿ, ಎಲ್ಲವೂ ತಮ್ಮ ತಮ್ಮ ತಾರೀಖಿಗೆ ಕಾಯುತ್ತಿರುತ್ತವೆ.

ಹಾಲೇಶ ಸತ್ತು ಸ್ವಲ್ಪ ದಿನಕ್ಕೇ ಕುಸುಮ, ತನಿಯ ಇಬ್ಬರೂ ಶರಣಾದರು. ತನಿಯನನ್ನು ಬೇರೆ ಊರಿನ ಜೈಲಿಗೆ ಹಾಕಿದರು. ಅವನ ತಾಯಿ ಬದುಕಿದ್ದಳಂತೆ, ಬಂದು ನೋಡಿಕೊಂಡು ಹೋದಳಂತೆ. ಒಂದು ದಿನ ದಳದ ಸಾಮಾನಿನ ಗುರುತು ಹಿಡಿಯಲು ಕುಸುಮಳನ್ನು ಕೋರ್ಟಿಗೆ ಕರೆತಂದರು, ನನ್ನನ್ನೂ ಹೊರಗೆ ತಂದು ಜಗಲಿಯ ಬೆಂಚಿನ ಮೇಲೆ ಇಟ್ಟರು. ಅಲ್ಲಿಗೆ ಕೊಟ್ರಮ್ಮ ಬಂದಳು. ಅವಳಿಗೆ ಸಮನ್ಸು ಏನೂ ಇರಲಿಲ್ಲ. ಕುಸುಮ ಬರುತ್ತಾಳೆ ಎಂದು ಕೇಳಿ ಬಂದಿದ್ದಳು.

“ನೀನೇನವ್ವಾ ಕುಸುಮ?” ಎಂದಳು. “ನಿನ್ನ ಒಂದು ಮಾತು ಕೇಳಬೇಕಿತ್ತು. ಅವ ಇದ್ದಾಗ ಇಳಿಯಂಗಿಲ್ಲ ಅಂದ್ರಿ. ಅವ ಸತ್ತ ಮ್ಯಾಲೆ ನೀವಿಬ್ರೂ ಇಳದು ಬಂದ್ರಿ. ಅದನ್ನ ಒಂದ್ ಸ್ವಲ್ಪ ಮೊದಲ ಮಾಡಿದ್ರ ಏನಾಗ್ತಿತ್ತು?”

ಕುಸುಮ ಕಣ್ಣು ಒರೆಸಿಕೊಂಡಳು. “ಅಣ್ಣಂಗೆ ಇಳಿಯೋ ಮನಸ್ಸಿರ್ಲಿಲ್ಲಮ್ಮಾ. ಅವರನ್ನ ಒಬ್ಬರನ್ನೇ ಬಿಡಬಾರದು ಅಂತ ನಾವು ಉಳಿದ್ವಿ. ಇಲ್ದಿದ್ರೆ ನಮ್ಗೇನಿತ್ತು ಅಲ್ಲಿ?”

“ಮನಸಿರಲಿಲ್ಲ ಅಂತ ಯಾರಂದ್ರು ನಿಂಗ?”

ಕುಸುಮ ತಲೆಯೆತ್ತಿ ಅವಳನ್ನೇ ನೋಡಿದಳು.

“ನನ್ನ ಕೈ ಹಿಡಕಂಡು ಅಂದಾನವ್ವಾ. ಸಾಕಾಗೇತಿ ಅಕ್ಕಾ, ಬರ್ತೀನಿ, ಅವರಿಬ್ರು ಹೂಂ ಅಂದ್ರ ಸಾಕು ಅಂದಾನ.”

ಕುಸುಮ ಬೆಂಚಿನ ಮೇಲೆ ಕುಸಿದಳು. ಪಕ್ಕದಲ್ಲಿದ್ದ ಮಹಿಳಾ ಪೇದೆ ಗಾಬರಿಯಾಗಿ ನೀರಿನ ಬಾಟಲಿ ಚಾಚಿದಳು. ಕೊಟ್ರಮ್ಮನಿಗೂ ಈಗ ಎಲ್ಲ ಅರ್ಥವಾಗುತ್ತಿತ್ತು. ಆಮೇಲೆ ಬಂದು ಕುಸುಮಳ ಪಕ್ಕ, ನನಗೆ ತಾಗಿಕೊಂಡೇ ಕೂತಳು.

“ತನಿಯಂಗೆ ಇದು ಗೊತ್ತಾದ್ರೆ...” ಎಂದಳು ಕುಸುಮ.

“ಹೇಳಬ್ಯಾಡ” ಎಂದಳು ಕೊಟ್ರಮ್ಮ. “ಅವ ಆದ್ರೂ ಅವರವ್ವನ ಮಾರಿ ನೋಡ್ಕೊಂಡು ಚೆಂದಾಗಿರ್ಲಿ. ನಮ್ಮಿಬ್ರಿಗೆ ಸಾಕು ಇದು.”

ಒಳಗಿನಿಂದ ಕುಸುಮಳ ಹೆಸರು ಕೂಗಿದರು, ಅವಳು ಎದ್ದು ಹೋದಳು. ಕೊಟ್ರಮ್ಮನ ಕಣ್ಣಿಗೆ ಆಗ ನಾನು ಬಿದ್ದೆ. ನನ್ನ ಹಿಡಿ ಸವರಿದಳು, ಮುಚ್ಚಳ ತೆಗೆದಳು. ಅವತ್ತಿನ ಅನ್ನ ಸೀದು ಕರಿಯಾಗಿ ತಳಕ್ಕೆ ಕಚ್ಚಿಕೊಂಡಿತ್ತು. ಹಾಲೇಶ ತೊಳೆದು ಹಾಕಿದ್ದ ಅಕ್ಕಿ. ಅವಳು ಕಾನ್‌ಸ್ಟೇಬಲ್‌ನ ಕಡೆ ತಿರುಗಿ, “ಸ್ವಲ್ಪ ನೀರು ಕೊಡಪ್ಪಾ, ತೊಳದು ಕೊಡ್ತೀನಿ” ಎಂದಳು.

“ತೊಳಿಯಂಗಿಲ್ಲಮ್ಮಾ, ಅದು ಸಾಕ್ಷಿ” ಎಂದ ಅವನು, ಪಾಪ, ಮೆಲ್ಲಗೇ. “ಕೇಸು ಮುಗಿಯೋವರೆಗೂ ಹೆಂಗಿದೆಯೋ ಹಂಗೇ ಇರಬೇಕು.”

ಅವಳು ಮುಚ್ಚಳ ಹಾಕಿದಳು. ಸೆರಗಿನಿಂದ ನನ್ನ ಹೊರಮೈಯ ಧೂಳು ಒರೆಸಿದಳು. ಅದನ್ನು ಅವನು ತಡೆಯಲಿಲ್ಲ. ಆಮೇಲೆ ನನ್ನನ್ನು ಮತ್ತೆ ಈ ಕೋಣೆಗೆ ತಂದಿಟ್ಟರು. ಕೇಸು ಇನ್ನೂ ನಡೆಯುತ್ತಿದೆ. ಅನ್ನ ಒಳಗೇ ಇದೆ.